ಹೊಳೆಯುವ ಅಣಬೆಯ ಬೆನ್ನು ಹತ್ತಿ

ನಮ್ಮ ಮಾಲೀಕರು ಬೆಳಗಿನ ವಾಕಿಂಗ್ ಮುಗಿಸಿ ಮನೆಗೆ ಹೋಗದೆ ನೇರವಾಗಿ ಲ್ಯಾಬಿಗೆ ಬಂದರೆ ಹೊಸದೊಂದು ಸರಕು ಹುಟ್ಟಿತೆಂದೇ ಅರ್ಥ. ಪಾರ್ಕಿನಲ್ಲಿ ಯಾರೋ ಏನೋ ಹೇಳಿರುತ್ತಾರೆ. ನುಗ್ಗೆಸೊಪ್ಪಿನ ಮಾತ್ರೆ, ಬಾಳೆದಿಂಡಿನ ಪುಡಿ ಎಲ್ಲ ಹುಟ್ಟಿದ್ದು ಹಾಗೆಯೇ. ಆ ಶ್ರಾವಣದ ಬೆಳಿಗ್ಗೆ ಅವರು ಶೂ ಕೂಡ ಬಿಚ್ಚದೆ ಒಳಗೆ ಬಂದು ಮೊಬೈಲನ್ನು ನನ್ನ ಮೈಕ್ರೋಸ್ಕೋಪಿನ ಪಕ್ಕದಲ್ಲಿಟ್ಟರು. ಪರದೆಯ ಮೇಲೆ, ಮರದ ಬುಡಕ್ಕೆ ಅಂಟಿಕೊಂಡ ಒಂದು ಅಣಬೆ. ಬೀಸಣಿಗೆಯ ಆಕಾರ, ಕೆಂಪು ಬೆರೆತ ಕಂದು ಬಣ್ಣ, ಈಗಷ್ಟೇ ಎಣ್ಣೆ ಸವರಿದಂಥ ಹೊಳಪು.

“ರೀಶಿ ಮೇಡಂ. ಚೀನಾದವರು ಅದ್ಯಾವ ಕಾಲದಿಂದಲೋ ಕುಡೀತಿದ್ದಾರಂತೆ. ಅಲ್ಲಿಂದ ತರಿಸೋದು ಯಾಕೆ? ನಮ್ಮ ಕಾಡಲ್ಲೂ ಬೆಳೆಯುತ್ತಂತಲ್ಲ?”

“ಆ ಥರದವು ಬೆಳೀತಾವೆ ಸಾರ್, ಆದ್ರೆ...”

“ಆದ್ರೆ ಗೀದ್ರೆ ಬೇಡ. ವಿಜಯದಶಮಿಗೆ ಬಿಡುಗಡೆ.”

ನಮ್ಮದು ಬನಶಂಕರಿ ಎರಡನೇ ಹಂತದ ಅಡ್ಡರಸ್ತೆಯೊಂದರಲ್ಲಿ ಚೂರ್ಣ, ಲೇಹ್ಯ, ಕಷಾಯದ ಪುಡಿ ಮಾಡುವ ಸಣ್ಣ ಕಂಪನಿ. ಕೆಳಗೆ ಕುಟ್ಟುವ ಯಂತ್ರ, ಮೇಲೆ ನನ್ನ ಲ್ಯಾಬು. ಬಂದ ಮೂಟೆಯಲ್ಲಿರುವುದು ಚೀಟಿಯಲ್ಲಿ ಬರೆದ ಬೇರೋ, ಇನ್ಯಾವುದೋ ಕಡ್ಡಿಯೋ ಎಂದು ನೋಡಿ ಗುರುತಿನ ಹಾಳೆಗೆ ಸಹಿ ಹಾಕುವುದು ನನ್ನ ಕೆಲಸ. ನನ್ನ ಸಹಿ ಬೀಳದೆ ಯಾವ ಮೂಟೆಯೂ ಯಂತ್ರದ ಬಾಯಿಗೆ ಹೋಗುವಂತಿಲ್ಲ. ಬೇರು, ತೊಗಟೆ, ಎಲೆ ಇವುಗಳ ಮಟ್ಟಿಗೆ ನಾನು ಯಾರಿಗೂ ಹೆದರುವವಳಲ್ಲ. ಅಣಬೆ ಎಂದರೆ ಮಾತ್ರ, ಎಂ.ಎಸ್ಸಿ. ಓದುವಾಗ ಹಳಸಿದ ಬ್ರೆಡ್ಡಿನ ಬೂಷ್ಟನ್ನು ನೋಡಿ ಚಿತ್ರ ಬರೆದದ್ದೇ ಕೊನೆ. ಇದನ್ನು ಮಾಲೀಕರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಆ ಸಂಜೆಯೇ ಜಯನಗರ ನಾಲ್ಕನೇ ಬ್ಲಾಕಿನಲ್ಲಿರುವ ನನ್ನ ಹಳೆಯ ಪ್ರೊಫೆಸರ್ ಮನೆಗೆ ಹೋದೆ. ನಿವೃತ್ತರಾಗಿ ಬಹಳ ವರ್ಷಗಳಾದರೂ ಪಾಠದ ಚಟ ಬಿಟ್ಟಿರಲಿಲ್ಲ. ಕಾಫಿ ಕೊಡುವ ಮೊದಲೇ ಶುರು ಮಾಡಿದರು.

“ನೋಡಮ್ಮಾ, ಅಣಬೆ ಗುರುತಿಸೋದು ಅಂದ್ರೆ ಮದುವೆಗೆ ಹುಡುಗನ್ನ ವಿಚಾರಿಸಿದ ಹಾಗೆ. ಮುಖ ನೋಡಿ ಒಪ್ಕೋಬಾರದು. ಯಾವ ಮನೆ, ಯಾರ ಜೊತೆ ಒಡನಾಟ, ಒಳಗೆ ಎಂಥವನು, ಎಲ್ಲ ಕೇಳ್ಬೇಕು.”

ಹೀಗೆ ವಿಚಾರಿಸುವ ಕ್ರಮವನ್ನು ಬರೆಸಿದರು. ಮೊದಲು ಯಾವ ಮರ, ಬುಡದಲ್ಲೋ ಕೊಂಬೆಯಲ್ಲೋ ಎಂದು ಚೀಟಿ ಬರೆಯಬೇಕು. ಆಮೇಲೆ ಅಡಿಭಾಗ ನೋಡಬೇಕು: ನಾಯಿಕೊಡೆಯ ಹಾಗೆ ಪದರ ಪದರ ಇರಬಾರದು, ಸೂಜಿಯಿಂದ ಚುಚ್ಚಿದಂಥ ಸಣ್ಣ ರಂಧ್ರಗಳಿರಬೇಕು. ಎಳೆಯದಾದರೆ ಅಡಿ ಬೆಳ್ಳಗಿರುತ್ತದೆ, ಉಗುರಿನಿಂದ ಗೀರಿದರೆ ಗೀರಿದಲ್ಲಿ ಕಂದಾಗುತ್ತದೆ. ಮೇಲಿನ ಹೊಳಪು ಅಣಬೆಯದೇ ಅಂಟು. ಉರಿಯುವ ಬೆಂಕಿಕಡ್ಡಿ ಹತ್ತಿರ ಹಿಡಿದರೆ ಅರಗಿನ ಹಾಗೆ ಮೆತ್ತಗಾಗಿ, ತೆಗೆದರೆ ಮತ್ತೆ ಗಟ್ಟಿಯಾಗುತ್ತದೆ. ರಂಧ್ರಗಳು ಕೆಳಕ್ಕೆ ಬರುವಂತೆ ಬಿಳಿ ಕಾಗದದ ಮೇಲಿಟ್ಟು ಒಂದು ದಿನ ಮುಚ್ಚಿಟ್ಟರೆ ಕೋಕೋ ಪುಡಿಯಂಥ ಬೀಜಕಣಗಳು ಉದುರುತ್ತವೆ. ಮೈಕ್ರೋಸ್ಕೋಪಿನಲ್ಲಿ ಆ ಕಣಕ್ಕೆ ಎರಡು ಗೋಡೆ, ಒಂದು ತುದಿ ಚಾಕುವಿನಿಂದ ಕತ್ತರಿಸಿದ ಹಾಗೆ ಚಪ್ಪಟೆ.

“ಇಷ್ಟೂ ಸರಿಹೋದ್ರೆ ಅದು ಗ್ಯಾನೋಡರ್ಮ ಅನ್ನೋ ಮನೆತನದ್ದು ಅಂತ ಆಯ್ತು. ಆ ಮನೇಲಿ ಇವನು ಯಾರು ಅನ್ನೋದು ಬೇರೆ ವಿಷಯ.”

ಆ ಕೊನೆಯ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ಅಷ್ಟರಲ್ಲಿ ಕಾಫಿ ಬಂದಿತ್ತು.

ಅಣಬೆ ಹುಡುಕಿಕೊಡಲು ಮಾಲೀಕರು ಗೊತ್ತುಮಾಡಿದ್ದು ಜರಗನಹಳ್ಳಿಯ ಗೌಡರನ್ನು. ಹಿಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಅವರ ಮೂರು ಬಾಡಿಗೆ ಕಟ್ಟಡಗಳಿದ್ದವು. ಹೊತ್ತು ಹೋಗದೆ, ನಮಗೆ ಅಮೃತಬಳ್ಳಿ, ನೆಲ್ಲಿಕಾಯಿ ಒದಗಿಸುವ ಕೆಲಸ ಹಚ್ಚಿಕೊಂಡಿದ್ದರು. ಮರದ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ತೊಗಟೆ ಮುಟ್ಟಿದರೆ ಸಾಕು, ಹೆಸರು ಹೇಳುತ್ತಿದ್ದರು. ನಾವಿಬ್ಬರೂ ಅವರ ಹಳೆಯ ಮಾರುತಿ ವ್ಯಾನಿನಲ್ಲಿ ಕನಕಪುರ ರಸ್ತೆ ಹಿಡಿದು, ಕಾಡಂಚಿನಲ್ಲಿದ್ದ ಅವರ ಭಾವಮೈದುನನ ತೋಪಿಗೆ ಹೊರಟೆವು. ನನ್ನ ಚೀಲದಲ್ಲಿ ಚಾಕು, ಭೂತಗನ್ನಡಿ, ಹಳೆಯ ಪೇಪರು, ದಾರ. ಪ್ಲಾಸ್ಟಿಕ್ ಕವರಿನಲ್ಲಿ ಅಣಬೆ ಬೆವತು ಕೊಳೆಯುತ್ತದೆ ಎಂದು ಪ್ರೊಫೆಸರ್ ಎಚ್ಚರಿಸಿದ್ದರು.

ಮೊದಲ ದಿನವೇ ನಾವು ದಾರಿ ತಪ್ಪಿದೆವು. ಅಣಬೆ ಹುಡುಕುವವರು ತಲೆಯೆತ್ತುವುದಿಲ್ಲ. ಬುಡದಿಂದ ಬುಡಕ್ಕೆ ಬಗ್ಗಿಕೊಂಡು ಹೋಗುತ್ತಾ, ಭಾವಮೈದುನನ ತೋಪು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂಬುದು ತಿಳಿಯಲೇ ಇಲ್ಲ. ಬಿದ್ದ ದಿಮ್ಮಿಯೊಂದರ ಮೇಲಿದ್ದ ಅಂಗೈಯಗಲದ ಅಣಬೆಯನ್ನು ಬಿಡಿಸಿ ಎತ್ತಿದಾಗ ಎದುರಿಗೆ ಎರಡು ಖಾಕಿ ಕಾಲುಗಳು ಕಂಡವು. ಅರಣ್ಯ ರಕ್ಷಕರು.

“ಏನ್ ಮೇಡಂ ಅದು?”

“ಅಣಬೆ.”

“ತಿನ್ನೋದಾ?”

“ಅಲ್ಲ.”

“ಮಾರೋದಾ?”

“ಅಲ್ಲ... ಇನ್ನೂ ಅಲ್ಲ. ಇದು ಯಾವುದು ಅಂತ ನೋಡ್ಬೇಕು.”

ಅವರು ನನ್ನ ಚೀಲದೊಳಗೆ ಇಣುಕಿದರು. “ಆನೆ ಕಂದಕ ಮುಚ್ಚಿಹೋದ ಕಡೆಯಿಂದ ಕಾಡೊಳಗೆ ಬಂದಿದೀರ. ನಿನ್ನೆ ಇಲ್ಲೇ ಆನೆ ಇತ್ತು. ಕಾಡಿಂದ ಒಂದು ಎಲೆ ಕೂಡ ಎತ್ತಂಗಿಲ್ಲ. ಇದ್ದ ಜಾಗದಲ್ಲಿ ಇಟ್ಬಿಟ್ಟು ಹೋಗಿ.”

ಗೌಡರು ಕಾನೂನಿಗೆ ಬೆಲೆ ಕೊಡುವ ಮನುಷ್ಯ. ಅಣಬೆಯನ್ನು ನನ್ನ ಕೈಯಿಂದ ತೆಗೆದುಕೊಂಡು ದಿಮ್ಮಿಗೆ ಒತ್ತಿ ಹಿಡಿದರು. ಕೈ ಬಿಟ್ಟರೆ ಬಿತ್ತು. ಮತ್ತೆ ಒತ್ತಿದರು. ಮತ್ತೆ ಬಿತ್ತು. ಮೂರನೇ ಸಲ ಎರಡು ಕಲ್ಲು ಆಸರೆ ಕೊಟ್ಟು ನಿಲ್ಲಿಸಿ, “ಈಗ ಸರಿಯಾ ಸಾಮಿ?” ಎಂದು ಕೇಳಿದರು. ರಕ್ಷಕರು ನಗು ತಡೆದುಕೊಳ್ಳಲು ಮುಖ ಆಚೆ ತಿರುಗಿಸಿ, ನಮ್ಮನ್ನು ಕಂದಕದವರೆಗೂ ನಡೆಸಿಕೊಂಡು ಬಂದು ಬಿಟ್ಟರು. ಆನೆಯ ಮಾತು ಕೇಳಿದ ಮೇಲೆ ನಾವಿಬ್ಬರೂ ಅವರಿಗಿಂತ ಮುಂದೆಯೇ ನಡೆಯುತ್ತಿದ್ದೆವು.

ಅಲ್ಲಿಂದ ಮುಂದೆ ಖಾಸಗಿ ತೋಪುಗಳಲ್ಲಿ ಮಾತ್ರ, ಒಡೆಯರನ್ನು ಕೇಳಿಯೇ ಹುಡುಕಿದೆವು. ಮೂರು ವಾರ ಮಾವು, ಹಲಸು, ಹುಣಸೆ, ಸರ್ವೆ ಎಂದು ಬುಡ ಬುಡ ಅಲೆದೆವು. ತಂದದ್ದೆಲ್ಲ ಒಂದೊಂದೇ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಒಂದರ ಅಡಿಯಲ್ಲಿ ರಂಧ್ರಗಳೇ ಇಲ್ಲ. ಇನ್ನೊಂದು ಕಾಗದದಷ್ಟು ತೆಳು. ಹಲಸಿನ ಮರದ್ದು ಕುದುರೆ ಗೊರಸಿನ ಹಾಗಿತ್ತು. ಚಾಕು ಹಾಕಿದರೆ ಚಾಕುವೇ ಬಾಗಿತು. ಅಡಿಭಾಗವೂ ಕಂದು. ಅದೂ ಔಷಧಿಯದೇ, ಕರಾವಳಿ ಕಡೆ ತೇದು ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಾರೆ ಎಂದು ಪ್ರೊಫೆಸರ್ ಫೋನಿನಲ್ಲಿ ಹೇಳಿದರು. ನಮ್ಮ ಹುಡುಗ ಮಾತ್ರ ಅದಲ್ಲ.

ಮಾಲೀಕರ ತಾಳ್ಮೆ ಮುಗಿಯುತ್ತಾ ಬಂದಿತ್ತು. ಪೆಟ್ಟಿಗೆಗಳು ಅಚ್ಚಾಗಿ ಬಂದೇಬಿಟ್ಟಿದ್ದವು. ಮೇಲೆ ಕೆಂಪು ಅಣಬೆಯ ಚಿತ್ರ, ಕೆಳಗೆ ಲ್ಯಾಟಿನ್ ಹೆಸರು, ಮೂಲೆಯಲ್ಲಿ ಎಂದಿನಂತೆ ‘ಅಮ್ಮ ಮೆಚ್ಚಿದ್ದು’ ಎಂಬ ಹಳದಿ ಮುದ್ರೆ. ಕಂಪನಿಯ ಪ್ರತಿ ಸರಕನ್ನೂ ಮಾಲೀಕರ ತಾಯಿ ಮೊದಲು ಕುಡಿದು ನೋಡುತ್ತಿದ್ದರು. ಎಂಬತ್ತು ದಾಟಿದ ಆಕೆಯ ಆರೋಗ್ಯವೇ ನಮ್ಮ ಜಾಹೀರಾತು.

ಒಂದು ದಿನ ಮಾಲೀಕರು ನನ್ನನ್ನು ಕೇಳದೆ ಗೌಡರಿಗೆ ತಾವೇ ಫೋನ್ ಮಾಡಿ ಹೇಳಿದರು. “ಮೇಡಂ ಹೇಳೋದೆಲ್ಲ ಬಿಡಿ ಗೌಡ್ರೆ. ನನಗೆ ಒಂದೇ ಮಾತು. ಹೊಳೀಬೇಕು.”

ಅದಾದ ಐದನೆಯ ದಿನ ಗೌಡರು ಎರಡು ಮೂಟೆ ಇಳಿಸಿ ಹೋದರು. ನಾನು ಲ್ಯಾಬಿಗೆ ಬರುವ ಹೊತ್ತಿಗೆ ಮಾಲೀಕರು ಮೂಟೆ ಬಿಚ್ಚಿ ಹರಡಿಕೊಂಡು, ಮದುವೆ ಮನೆಯ ಯಜಮಾನನ ಹಾಗೆ ಕಳೆಕಳೆಯಾಗಿ ನಿಂತಿದ್ದರು. ಕಿಟಕಿಯ ಬೆಳಕಿಗೆ ಕಣ್ಣು ಕೋರೈಸುವಂತೆ ಹೊಳೆಯುತ್ತಿದ್ದವು ಅಣಬೆಗಳು. ಕೆಂಪು, ಕಂದು, ಕಪ್ಪು, ಬೂದು, ಎಲ್ಲವೂ ಒಂದೇ ಸಮ ಫಳಫಳ.

“ನೋಡಿ ಮೇಡಂ, ಸಖತ್ ಅಲ್ವಾ? ನೀವು ಮೂರು ವಾರ ತಗೊಂಡ್ರಿ.”

ನಾನು ಒಂದನ್ನು ತಿರುಗಿಸಿದೆ. ಅಡಿಭಾಗವೂ ಹೊಳೆಯುತ್ತಿತ್ತು. ರಂಧ್ರಗಳೆಲ್ಲ ಮುಚ್ಚಿಹೋಗಿದ್ದವು. ಇನ್ನೊಂದರ ಬೆನ್ನಿನ ಮೇಲೆ ಒಂದು ಇರುವೆ ನಡೆಯುವ ಭಂಗಿಯಲ್ಲೇ ಗಾಜಿನೊಳಗೆ ನಿಂತಂತಿತ್ತು. ಪಕ್ಕದಲ್ಲಿ ಬ್ರಷ್ಷಿನ ಕೂದಲು. ಆದರೂ ಕ್ರಮ ಎಂದರೆ ಕ್ರಮ. ಒಂದನ್ನು ಟ್ರೇಯಲ್ಲಿಟ್ಟು ಬೆಂಕಿಕಡ್ಡಿ ಗೀರಿ ಹತ್ತಿರ ಹಿಡಿದೆ. ಅರಗಿನ ಹಾಗೆ ಮೆತ್ತಗಾಗುವ ಬದಲು ಅದು ಭಗ್ಗೆಂದು ಹತ್ತಿಕೊಂಡಿತು. ಕಪ್ಪು ಹೊಗೆಯೆದ್ದು ಲ್ಯಾಬು ತುಂಬಾ ಹೊಸ ಬೀರುವಿನ ವಾಸನೆ. ತೊಳೆಯಲು ಇಟ್ಟಿದ್ದ ನೀರು ಸುರಿದು ಆರಿಸಿದೆ.

ಮಾಲೀಕರು ಗೌಡರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

“ಗೌಡ್ರೆ, ಏನ್ರೀ ಮಾಡಿದೀರಾ ಇದಕ್ಕೆ?”

“ವಾರ್ನಿಷ್ ಸಾರ್,” ಎಂದರು ಗೌಡರು, ಸ್ವಲ್ಪವೂ ಅಳುಕಿಲ್ಲದೆ. “ನಮ್ಮ ಬಾಡಿಗೆ ಮನೇಲಿ ಬಡಗಿ ಅವ್ನಲ್ಲ, ಅವ್ನ ಕೈಲಿ ಹೊಡ್ಸಿದೆ. ಎರಡು ಕೋಟ್. ನೀವೇ ಅಂದ್ರಲ್ಲ ಹೊಳೀಬೇಕು ಅಂತ. ಸಾಲ್ದಾ? ಇನ್ನೊಂದು ಕೋಟ್ ಹೊಡ್ಸನಾ?”

ಅದರಲ್ಲಿ ಮೋಸದ ಸುಳಿವೂ ಇರಲಿಲ್ಲ. ಗಿರಾಕಿ ಹೊಳಪು ಕೇಳಿದ್ದರು, ಅವರು ಮಾಡಿಸಿಕೊಟ್ಟಿದ್ದರು. ನನಗೆ ನಗು ಒತ್ತರಿಸಿ ಬಂತು. ಮಾಲೀಕರ ಮುಖ ನೋಡಿದೆ. ಬಿಳುಚಿಕೊಂಡಿದ್ದರು.

“ಮೇಡಂ, ಬೆಳಿಗ್ಗೆ ಎರಡು ಮನೆಗೆ ತಗೊಂಡ್ ಹೋಗಿದ್ದೆ. ಅಮ್ಮಂಗೆ ಕಷಾಯ ಮಾಡಿಟ್ಟು ಬಂದೆ.”

ನಗು ಅಲ್ಲೇ ನಿಂತಿತು. ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ನಾನು ಅವರ ಸ್ಕೂಟರಿನ ಹಿಂದೆ ಕೂತೆ, ಜಯನಗರದಲ್ಲಿದ್ದ ಅವರ ಮನೆಯ ಕಡೆ ಹೊರಟೆವು. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಮಾಲೀಕರು ಹಾರ್ನ್ ಮೇಲೆ ಕೈಯಿಟ್ಟು, ತಿರುಗಿ ತಿರುಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ವಾರ್ನಿಷ್ ಕುದಿಸಿದ್ರೆ ಹೋಗುತ್ತಾ ಮೇಡಂ?”

“ಮುಂದೆ ನೋಡಿ ಸಾರ್.”

“ಎಷ್ಟು ಲೋಟ ಕುಡಿದಿದ್ರೆ ತೊಂದ್ರೆ?”

“ಮುಂದೆ ನೋಡಿ ಸಾರ್, ಬಸ್ಸು!”

ತಪ್ಪು ನನ್ನದೂ ಇತ್ತು. ಸಹಿ ಇಲ್ಲದೆ ಒಂದು ಚೂರೂ ಹೊರಗೆ ಹೋಗಬಾರದು ಎಂಬ ನಿಯಮ ನನ್ನದೇ. ಅವರ ತಾಯಿಗೆ ಕೊಡುವ ಮಾದರಿಯನ್ನು ಮಾತ್ರ ಇಷ್ಟು ವರ್ಷ ಮನೆಯ ವಿಷಯವೆಂದು ಕಣ್ಣು ಮುಚ್ಚಿ ಬಿಟ್ಟುಕೊಟ್ಟಿದ್ದೆ.

ಮನೆ ತಲುಪಿದಾಗ ಆಕೆ ಹಜಾರದಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಮೇಜಿನ ಮೇಲೆ ಕಷಾಯದ ಲೋಟ. ಖಾಲಿ.

“ಅಮ್ಮಾ, ಕಷಾಯ ಕುಡಿದ್ಯಾ?”

“ಕುಡಿದೆ ಕಣೋ. ತುಂಬಾ ಚೆನ್ನಾಗಿತ್ತು. ಮಂಡಿನೋವು ಆಗ್ಲೇ ಕಮ್ಮಿ ಆದ ಹಾಗಿದೆ.”

ಮಾಲೀಕರು ಖಾಲಿ ಲೋಟ ಎತ್ತಿ ಮೂಸಿ ನೋಡಿದರು. ನಾನು ಸ್ಕೂಟರಿನ ಕೀ ಕೇಳಿದೆ, ಆಸ್ಪತ್ರೆಗೆ ಹೋಗೋಣ ಎಂದೆ. ಆಕೆ ಒಮ್ಮೆ ಮಗನನ್ನು, ಒಮ್ಮೆ ನನ್ನನ್ನು ನೋಡಿದರು.

“ಯಾಕಮ್ಮಾ, ಏನಿದೆ ಅದರಲ್ಲಿ?”

“ವಾರ್ನಿಷ್ ಅಮ್ಮಾ!” ಎಂದು ಮಾಲೀಕರು ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು.

ಆಕೆ ಕಾಳಿನ ಬಟ್ಟಲನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು. “ಹಾಗಾದ್ರೆ ಹೇಳ್ಬಿಡ್ತೀನಿ. ಕುಡಿದಿಲ್ಲ. ಸಿಂಕಿಗೆ ಹಾಕಿದೆ.”

“ನಿಜ ಹೇಳಮ್ಮಾ.”

“ದೇವರಾಣೆಗೂ ಸಿಂಕಿಗೇ ಹಾಕಿದ್ದು.”

ಮಾಲೀಕರು ಉಸಿರು ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಅವರ ಹುಬ್ಬು ಗಂಟಾಯಿತು. “ಇದೊಂದೇ ತಾನೆ? ಬೇರೆ ಎಲ್ಲಾ ಕುಡೀತಿದ್ಯಲ್ಲಾ?”

ಆಕೆ ಕಾಳಿನ ಬಟ್ಟಲನ್ನು ಮತ್ತೆ ಹತ್ತಿರಕ್ಕೆಳೆದುಕೊಂಡರು.

“ಅಮ್ಮಾ?”

“ಮೊದಮೊದಲು ಎರಡು ಸಲ ಕುಡಿದೆ ಕಣೋ. ಆಮೇಲೆ ಆಗ್ಲಿಲ್ಲ. ನೀನು ಬಂದು ಅಷ್ಟು ಆಸೆಯಿಂದ ಹೇಗಿತ್ತಮ್ಮಾ ಅಂತ ಕೇಳ್ತಿದ್ದೆ. ಚೆನ್ನಾಗಿಲ್ಲ ಅಂತ ಹೇಗೆ ಹೇಳ್ಲಿ?”

“ಪ್ಯಾಕೆಟ್ ಮೇಲೆಲ್ಲಾ ಅಮ್ಮ ಮೆಚ್ಚಿದ್ದು ಅಂತ ಹಾಕಿದೀನಲ್ಲಮ್ಮಾ!”

“ಮೆಚ್ಚಿದೆ ಅಂತ ತಾನೆ ಹಾಕಿರೋದು? ಕುಡಿದೆ ಅಂತ ಹಾಕಿಲ್ವಲ್ಲ.” ಆಮೇಲೆ ನನ್ನ ಕಡೆ ತಿರುಗಿ ಸಮಾಧಾನದ ದನಿಯಲ್ಲಿ ಹೇಳಿದರು. “ಒಂದು ಮಾತ್ರ ನಿಜ ಕಣಮ್ಮಾ. ಅಕ್ಕಪಕ್ಕದ ಮನೆಗಳಲ್ಲಿ ಸಿಂಕು ಕಟ್ಟಿ ಕಟ್ಟಿ ಸಾಯ್ತಾರೆ. ನಮ್ಮದು ಒಂದು ದಿನಕ್ಕೂ ಕಟ್ಟಿಲ್ಲ.”

ಇಬ್ಬರೂ ಲ್ಯಾಬಿಗೆ ವಾಪಸ್ ಬಂದೆವು. ಮೂಟೆಗಳನ್ನು ಬೇರೆ ಕೋಣೆಗೆ ಹಾಕಿಸಿ, ‘ತಿರಸ್ಕೃತ’ ಎಂದು ಕೆಂಪು ಚೀಟಿ ಅಂಟಿಸಿದೆ. ಮನೆಯವರಿಗೆಂದರೂ ಸಹಿಯಿಲ್ಲದೆ ಮಾದರಿ ಹೊರಹೋಗಬಾರದು ಎಂದು ಒಂದು ದಾಖಲೆ ಪುಸ್ತಕ ತೆರೆದೆ. ಮಾಲೀಕರು ಅದಕ್ಕೆ ಮೊದಲ ಸಹಿ ಹಾಕಿದರು.

ಗೌಡರಿಗೆ ವಿಷಯ ತಿಳಿಸಿದ್ದು ನಾನೇ. ಅವರು ಬಹಳ ನೊಂದುಕೊಂಡರು. “ವಯಸ್ಸಾದವ್ರು ಕುಡ್ದಿದ್ರೆ ನನ್ನ ಗತಿ ಏನಾಗ್ತಿತ್ತು ಮೇಡಂ,” ಎಂದು ನಾಲ್ಕು ಸಲ ಹೇಳಿದರು. ನಾನು ಪ್ರೊಫೆಸರ್ ಬರೆಸಿದ ಕ್ರಮವನ್ನು ಮೊದಲಿಂದ ಕೊನೆಯವರೆಗೂ ಅವರಿಗೆ ಓದಿ ಹೇಳಿದೆ. ಮೊದಲೇ ಹೇಳಬೇಕಿತ್ತು. ಮೂರು ವಾರ ಒಟ್ಟಿಗೆ ಅಲೆದರೂ, ನಾನು ಏನು ಹುಡುಕುತ್ತಿದ್ದೇನೆ, ಯಾಕೆ ಒಂದೊಂದನ್ನೂ ಎಸೆಯುತ್ತಿದ್ದೇನೆ ಎಂದು ಅವರಿಗೆ ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ. ಪಾಪ, ಅವರಿಗೆ ಸಿಕ್ಕಿದ್ದ ಸೂಚನೆ ಒಂದೇ ಪದ.

ಹತ್ತು ದಿನ ಸುದ್ದಿಯಿಲ್ಲ. ಒಂದು ಮಧ್ಯಾಹ್ನ ಗೌಡರು ಒಗೆದ ಬಿಳಿ ಅಂಗಿ ತೊಟ್ಟು ಲ್ಯಾಬಿಗೆ ಬಂದರು. ಕಂಕುಳಲ್ಲಿ ಪೇಪರಿನ ಪೊಟ್ಟಣ. ಬಿಚ್ಚಿದರೆ ಒಂದೇ ಒಂದು ಅಣಬೆ, ಅಂಗೈಯಷ್ಟು. ಗಾಢ ಕೆಂಪು, ಅಂಚಿನಲ್ಲಿ ಹಳದಿ, ಅಂಚಿನ ತುದಿ ಬಿಳಿ. ಮೇಲೆಲ್ಲ ಕಂದು ಪುಡಿ ಕೂತಿತ್ತು. ಬೆರಳಿಂದ ಒರೆಸಿದಲ್ಲಿ ಹೊಳಪು.

“ಭಾವಮೈದುನನ ತೋಪಿನ ಹಳೇ ಹುಣಸೆ. ಬುಡದಲ್ಲಿ, ಬಡಗಣ ಮಗ್ಗುಲಲ್ಲಿ ಇತ್ತು. ಕಂದಕದಿಂದ ಈಚೆಗೆ, ನಮ್ಮ ಕಡೆಗೇ ಐತೆ, ಕಾಡಿಂದಲ್ಲ,” ಎಂದು ಒಪ್ಪಿಸಿ, ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಮದುವೆ ಕರೆಯೋಲೆಯ ಬಿಳಿ ಹಿಂಭಾಗ. ಅದರ ಮೇಲೆ ಕೋಕೋ ಬಣ್ಣದ ಅರ್ಧಚಂದ್ರದ ಅಚ್ಚು. “ಇನ್ನೊಂದಿತ್ತು ಮೇಡಂ, ಅದುನ್ನ ಇದ್ರ ಮೇಲಿಕ್ಕಿ ಅನ್ನದ ದಬರಿ ಮುಚ್ಚಿದ್ದೆ. ಅನ್ನ ಯಾತ್ರಲ್ಲಿ ಮಾಡ್ಲಿ ಅಂತ ಮನೇಲಿ ಒಂದೇ ಕೂಗಾಟ. ಒಂದು ದಿನ ಹೋಟ್ಲಿಂದ ತಂದು ಉಂಡ್ವಿ.”

ನಾನು ಕೈ ತೊಳೆದು ಕೂತೆ. ಅಡಿಭಾಗ ಬಿಳಿ, ಉಗುರು ಗೀರಿದ ಗೆರೆ ನೋಡನೋಡುತ್ತಿದ್ದಂತೆ ಕಂದಾಯಿತು. ಬೆಂಕಿಕಡ್ಡಿ ಹಿಡಿದಾಗ ಗೌಡರು ಎರಡು ಹೆಜ್ಜೆ ಹಿಂದೆ ಸರಿದರು. ಹೊಳಪು ಅರಗಿನಂತೆ ಮೆತ್ತಗಾಗಿ, ಕಡ್ಡಿ ತೆಗೆದೊಡನೆ ಗಟ್ಟಿಯಾಯಿತು. ಕರೆಯೋಲೆಯ ಪುಡಿಯನ್ನು ಸೂಜಿಯ ತುದಿಯಲ್ಲಿ ತೆಗೆದು ಗಾಜಿನ ಮೇಲೆ ಹನಿಯೊಂದರಲ್ಲಿಟ್ಟು, ಅತಿ ದೊಡ್ಡದಾಗಿ ತೋರಿಸುವ ಮಸೂರಕ್ಕೆ ತಿರುಗಿಸಿದೆ. ಮಂಜು ಸರಿದು ಕಣಗಳು ಕಂಡವು. ಎರಡು ಗೋಡೆ. ಒಂದು ತುದಿ ಚಪ್ಪಟೆ. ನಾನು ಎದ್ದು ಗೌಡರಿಗೆ ಜಾಗ ಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

“ಹುರಿಗಡ್ಲೆ ಇದ್ದಂಗವೆ,” ಎಂದರು.

ಗ್ಯಾನೋಡರ್ಮ ಎಂಬುದರಲ್ಲಿ ಇನ್ನು ಅನುಮಾನವಿರಲಿಲ್ಲ. ಸುದ್ದಿ ಮುಟ್ಟಿದ್ದೇ ಮಾಲೀಕರು ಓಡಿ ಬಂದರು. ಗುರುತಿನ ಹಾಳೆಯನ್ನು ತಾವೇ ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ವಿಜಯದಶಮಿಗೆ ಇನ್ನೂ ಒಂದು ವಾರವಿತ್ತು; ಸಹಿ ಬಿದ್ದರೆ ಇಂಥವನ್ನೇ ಮೂಟೆಗಟ್ಟಲೆ ತರಿಸುವುದು ಅವರ ಲೆಕ್ಕ. ನಾನು ಗ್ಯಾನೋಡರ್ಮ ಎಂದು ಕುಲದ ಹೆಸರು ಬರೆದೆ. ಪಕ್ಕದಲ್ಲಿ ಪ್ರಭೇದದ ಮೊದಲ ಅಕ್ಷರವನ್ನೂ ಬರೆದೆ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಹೆಸರಿನ ಅಕ್ಷರ. ಅಲ್ಲಿಗೆ ಕೈ ನಿಂತಿತು. ಅಂದು ಕಾಫಿಯ ನೆಪದಲ್ಲಿ ಬರೆದುಕೊಳ್ಳದ ಪ್ರೊಫೆಸರರ ಮಾತು ಈಗ ಅಡ್ಡ ಬಂತು. ಈ ಹೊಳೆಯುವ ಮನೆತನದಲ್ಲಿ ಅಣ್ಣತಮ್ಮಂದಿರು ಬಹಳ. ಎಲ್ಲರಿಗೂ ಅದೇ ಹೊಳಪು, ಅದೇ ಚಪ್ಪಟೆ ತುದಿ. ಚೀನಾದವರು ಕುಡಿಯುವುದು ಯಾರನ್ನು, ಹುಣಸೆ ಬುಡದಲ್ಲಿ ಕೂತಿದ್ದವನು ಯಾರು ಎಂದು ನನ್ನ ಬೆಂಕಿಕಡ್ಡಿಯೂ ಮಸೂರವೂ ಹೇಳಲಾರವು. ಅದಕ್ಕೆ ಡಿ.ಎನ್.ಎ. ನೋಡಬೇಕು. ಅದಾದ ಮೇಲೂ, ಇದನ್ನು ಕುಡಿದವರಿಗೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಆ ಅಕ್ಷರಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ಕೆಳಗೆ ಬರೆದೆ: ‘ಪ್ರಭೇದ ಖಚಿತವಾಗಿಲ್ಲ. ತಯಾರಿಕೆಗೆ ಬಳಸುವಂತಿಲ್ಲ.’

“ಒಂದು ಪದ ಮೇಡಂ!” ಎಂದರು ಮಾಲೀಕರು. “ಮದುವೆ ಕಾರ್ಡ್ ಹಂಚಿದ ಮೇಲೆ ಹುಡುಗ ಯಾರು ಅಂತ ಗೊತ್ತಿಲ್ಲ ಅಂದ ಹಾಗಾಯ್ತು.”

“ಗೊತ್ತಿಲ್ಲ ಸಾರ್. ಗೊತ್ತಿಲ್ಲದ್ದಕ್ಕೆ ಸಹಿ ಹಾಕಲ್ಲ. ಬೇಕಿದ್ರೆ ಬೇರೆಯವರನ್ನ ನೋಡ್ಕೊಳ್ಳಿ.”

ಆ ಕೊನೆಯ ಮಾತು ಹೇಗೆ ಹೊರಬಂತೋ ನನಗೇ ಆಶ್ಚರ್ಯವಾಯಿತು. ಮನೆಯ ಕಂತು, ಮಗಳ ಫೀಸು ಎಲ್ಲ ಆಮೇಲೆ ನೆನಪಿಗೆ ಬಂದವು. ಮಾಲೀಕರು ಹಾಳೆ ಎತ್ತಿಕೊಂಡು ಹೋದರು. ಮೂರು ದಿನ ಲ್ಯಾಬಿನ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕೆಳಗಿಳಿದು ನೋಡಿದರೆ ಅಣಬೆಯ ಪೆಟ್ಟಿಗೆಗಳ ಮೇಲೆ ಶುಂಠಿ ಕಷಾಯದ ಚೀಟಿ ಅಂಟಿಸುತ್ತಿದ್ದರು. ಹಳದಿ ಮುದ್ರೆಯನ್ನು ಪೂರ್ತಿ ಮುಚ್ಚುವಂತೆ ಮಾಲೀಕರೇ ನಿಂತು ನೋಡಿಕೊಳ್ಳುತ್ತಿದ್ದರು. ನನ್ನನ್ನು ಕಂಡು, “ಶುಂಠಿಗಾದ್ರೂ ಸಹಿ ಹಾಕ್ತೀರಾ?” ಎಂದರು. ಹಾಕಿದೆ.

ಅಣಬೆಯನ್ನು ಮಾತ್ರ ಬಿಸಾಡಲು ಮನಸ್ಸಾಗಲಿಲ್ಲ. ಒಣಗಿಸಿ ಕಳಿಸಿದರೆ ತಮಗೆ ಗೊತ್ತಿರುವ ಸಂಗ್ರಹಾಲಯದಲ್ಲಿ ಇಡಿಸುವುದಾಗಿಯೂ, ಎಂದಾದರೂ ಯಾರಾದರೂ ಡಿ.ಎನ್.ಎ. ತೆಗೆದಾರು ಎಂದೂ ಪ್ರೊಫೆಸರ್ ಹೇಳಿದರು. ಅದಕ್ಕೊಂದು ವಿವರಚೀಟಿ ಬೇಕಿತ್ತು. ಗೌಡರನ್ನು ಕರೆಸಿ ಎದುರಿಗೆ ಕೂರಿಸಿಕೊಂಡೆ.

“ಸಂಗ್ರಹಿಸಿದವರು ಅಂತ ನಿಮ್ಮ ಹೆಸರು ಹಾಕ್ತೀನಿ ಗೌಡ್ರೆ.”

ಅವರು ಕುರ್ಚಿಯಲ್ಲಿ ನೆಟ್ಟಗಾದರು. “ನನ್ನದಾ? ಹಂಗಾದ್ರೆ ಪೂರ್ತಿ ಹಾಕಿ. ಬಿನ್ ಲೇಟ್ ಅಂತ ನಮ್ಮಪ್ಪನ ಹೆಸರೂ ಇರ್ಲಿ.”

ಹಾಕಿದೆ. “ಸಿಕ್ಕಿದ ಸ್ಥಳ?”

ಗೌಡರು ಕಣ್ಣು ಮುಚ್ಚಿ ಸರ್ವೆ ನಂಬರು ಹೇಳಿದರು. ಆಮೇಲೆ ನಾನು ಕೇಳದೆಯೇ ಚಕ್ಕುಬಂದಿಗೆ ಇಳಿದರು. “ಪೂರ್ವಕ್ಕೆ ಅರಣ್ಯ ಇಲಾಖೆ ಕಂದಕ. ಪಶ್ಚಿಮಕ್ಕೆ ದಾಯಾದಿಗಳ ಜಮೀನು, ಅದು ಕೋರ್ಟಲ್ಲಿ ಐತೆ ಅಂತ ಬರ್ಕೊಳಿ. ಉತ್ತರಕ್ಕೆ ಓಣಿ. ದಕ್ಷಿಣಕ್ಕೆ ಹಳ್ಳ.”

ಚೀಟಿಯಲ್ಲಿ ಅಷ್ಟು ಜಾಗವಿರಲಿಲ್ಲ. ಹಿಂಬದಿಗೆ ತಿರುಗಿಸಿ ಬರೆದೆ. ಅವರು ಅದನ್ನು ಕೈಗೆ ತೆಗೆದುಕೊಂಡು, ನೋಂದಣಿ ಕಚೇರಿಯಲ್ಲಿ ಪತ್ರ ನೋಡುವವರ ಹಾಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ಪ್ರಭೇದ ಅಂತ ಬರ್ದು ಖಾಲಿ ಬಿಟ್ಟಿದೀರಲ್ಲ?”

“ಅದು ಯಾರು ಅಂತ ಇನ್ನೂ ಗೊತ್ತಾಗಿಲ್ಲ ಗೌಡ್ರೆ. ಇದೆ ಅಂತ ಗೊತ್ತು, ಹೆಸರು ಗೊತ್ತಿಲ್ಲ.”

ಅವರು ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದರು. “ಅಂದ್ರೆ ಜಾಗ ಐತೆ, ಖಾತೆ ಆಗಿಲ್ಲ.”

“ಹಾಗೇ ಅಂದ್ಕೊಳ್ಳಿ.”

“ಆಯ್ತದೆ ಬಿಡಿ ಮೇಡಂ,” ಎಂದು ಗೌಡರು ಚೀಟಿಯನ್ನು ನನ್ನ ಕೈಗೆ ಕೊಟ್ಟರು. “ಒಂದೀಟು ಓಡಾಡ್ಬೇಕು, ಅಷ್ಟೇಯ.”